ನಲವತ್ತೊಂದನೇ ಬೆಸುಗೆ

ನವೆಂಬರ್ 4, 2002, ಸೋಮವಾರ

"ಕೋಪ ಬಂದಾಗಲೆಲ್ಲ ಬರೆದಿಡು ವಾಸ್ಫಿ, ರಕ್ತದೊತ್ತಡ ಇಳಿಯುತ್ತೆ" ಅಂದಿದ್ದಾನೆ ನಮ್ಮ ಹಡಗುಕಟ್ಟೆಯ ಡಾಕ್ಟರ್ ರೆಮ್ಜಿ. ಹಾಗಿದ್ದರೆ ಈ ಪುಸ್ತಕ ಒಂದು ವಾರಕ್ಕೂ ಸಾಲೋದಿಲ್ಲ.

ಇವತ್ತಿನದೇ ಬರೀತೀನಿ. ಹತ್ತು ಗಂಟೆಗೆ ಟೀ ಬಂತು. ನನ್ನ ಲೋಟ ಇಪ್ಪತ್ತೆರಡು ವರ್ಷದಿಂದ ಮೇಜಿನ ಬಲಗಡೆ ಇರುತ್ತೆ. ಇವತ್ತು ಯಾವನೋ ಅದನ್ನ ತೀರಾ ಹತ್ತಿರಕ್ಕೆ ತಂದಿಟ್ಟಿದ್ದ. ಕೈ ತಾಗಿತು, ಟೀ ಪೂರ್ತಿ ಹೋಗಿ ಜೊತೆ ಕೆಲಸದ ನೆಬಾಹತ್‌ಳ ಬಿಳಿ ಕೋಟಿನ ಮೇಲೆ ಬಿತ್ತು. ಬೈದಿದ್ದರೆ ನಾನೂ ಬೈದು ಅಲ್ಲಿಗೆ ಮುಗಿಸ್ತಿದ್ದೆ. ಅವಳು "ಪರವಾಗಿಲ್ಲ ಉಸ್ತಾ" ಅಂತ ಗುರುವಿಗೆ ಹೇಳೋ ಹಾಗೆ ಹೇಳಿ ಒರೆಸಿಕೊಂಡು, ಹೊಸ ಲೋಟ ತಂದು ಎಡಗಡೆ ಇಟ್ಟಳು. ಎಡಗಡೆ! ನಾನೇನು ಎಡಚನಾ?

ಆಗಸ್ಟ್ ತನಕ ಪಕ್ಕದ ಕಟ್ಟೆಯಲ್ಲಿ ಫ್ರಿಗೇಟ್ ಯುದ್ಧನೌಕೆಯ ಕೆಲಸಕ್ಕಿದ್ದಳು, ನೆಮ್ಮದಿಯಾಗಿತ್ತು. ಸೆಪ್ಟೆಂಬರ್‌ನಲ್ಲಿ ನನ್ನ ಕೋಣೆಗೆ ತಂದು ಹಾಕಿದ್ದಾರೆ. ಇಬ್ಬರದೂ ಒಂದೇ ಕೆಲಸ. ಜಲಾಂತರ್ಗಾಮಿಯ ಉಕ್ಕಿನ ಮೈಯನ್ನ ಬೆಸೆದ ಕಡೆಯೆಲ್ಲ ಎಕ್ಸ್‌ರೇ ತೆಗೀತಾರೆ. ಆ ಫಿಲ್ಮನ್ನ ಬೆಳಕಿನ ಪೆಟ್ಟಿಗೆ ಮೇಲಿಟ್ಟು, ಬಿರುಕಿದೆಯಾ, ಒಳಗೆ ಬೆಸುಗೆ ಕೂಡದೆ ಉಳಿದಿದೆಯಾ ಅಂತ ನೋಡಿ ಮೊಹರು ಒತ್ತೋದು. ನನ್ನ ಮೊಹರು ನಂಬರ್ ನಾಲ್ಕು, ಅವಳದು ಹನ್ನೊಂದು. ನಾಲ್ಕು ಒತ್ತಿದ ಮೇಲೆ ಈ ಕಟ್ಟೆಯಲ್ಲಿ ಯಾರೂ ಎರಡನೇ ಸಲ ಕೇಳೋದಿಲ್ಲ. ಐದು ಜಲಾಂತರ್ಗಾಮಿ ದೋಣಿಗೆ ಒತ್ತಿದ್ದೀನಿ, ಐದರಲ್ಲೂ ಮೊದಲ ಮುಳುಗಿಗೆ ನಾನೇ ಒಳಗಿದ್ದೆ. ಇದು ಆರನೆಯದು. ಡಿಸೆಂಬರ್ ಹದಿನಾರಕ್ಕೆ ಒಳಮೈಗೆ ಲೈನಿಂಗ್ ಅಂಟಿಸೋರು ಬರ್ತಾರೆ. ಅವರು ಅಂಟಿಸಿದ ಮೇಲೆ ಆ ಬೆಸುಗೆಗಳ ಮುಖ ಇನ್ಯಾರೂ ನೋಡೋ ಹಾಗಿಲ್ಲ. ಅಷ್ಟರೊಳಗೆ ಎಲ್ಲಾ ಫಿಲ್ಮಿಗೂ ನನ್ನ ಸಹಿ ಬೀಳಬೇಕು. ಆಮೇಲೆ ಜನವರಿಯಲ್ಲಿ ನಿವೃತ್ತಿ.

ಬೆಳಕಿನ ಪೆಟ್ಟಿಗೆಯ ಬಲ್ಬು ಮತ್ತೆ ಮಂಕಾಗಿದೆ. ಎಲೆಕ್ಟ್ರಿಷಿಯನ್ನನ್ನ ಕರೆಸಿದೆ. "ಮೇ ತಿಂಗಳಿಂದ ಇದು ನಾಲ್ಕನೇ ಬಲ್ಬು ಉಸ್ತಾ. ಇನ್ನೂ ಬೆಳಕು ಬೇಕಂದ್ರೆ ಸೂರ್ಯನ್ನೇ ಕಳಚಿಕೊಂಡು ಬರಬೇಕು" ಅಂತಾನೆ. ಈಗಿನ ಬಲ್ಬುಗಳೇ ಹಾಗೆ. ಮಾಲು ಕಳಪೆ, ಮಾತು ಜಾಸ್ತಿ.

ನವೆಂಬರ್ 7, ಗುರುವಾರ

ರಂಜಾನ್ ಉಪವಾಸ ಶುರುವಾಗಿ ಎರಡು ದಿನ. ಜೊತೆಗೆ ಲೋಡೋಸ್ ಬೀಸ್ತಿದೆ. ಈ ತೆಂಕಣ ಗಾಳಿ ಬಂತಂದ್ರೆ ತಲೆ ಸಿಡಿಯುತ್ತೆ, ಕಣ್ಣ ಮುಂದೆ ಹೊಗೆ ಕಟ್ಟುತ್ತೆ. ಮೊನ್ನೆ ಸಂಜೆ ನನ್ನ ಹೆಂಡತಿ ಹಜೆರ್ ಅಡುಗೆಮನೆ ಕಿಟಕಿಯಿಂದ ಹೊಸ ಚಂದ್ರನ್ನ ತೋರಿಸಿದಳು. ಒಂದರ ಪಕ್ಕ ಇನ್ನೊಂದು, ಎರಡು ಕಂಡವು. ಕಿಟಕಿ ಗಾಜು ಸರಿಯಿಲ್ಲ, ಬದಲಾಯಿಸಬೇಕು ಅಂದೆ. ಅವಳು ಗಾಜನ್ನ ನೋಡಿದಳು, ನನ್ನನ್ನ ನೋಡಿದಳು, ಏನೂ ಅನ್ನಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಹಜೆರ್ ಏನೂ ಅನ್ನದೆ ಇದ್ದದ್ದು ಇದೇ ಮೊದಲು. ಈ ಗಾಳಿ ಅವಳ ತಲೆಗೂ ಏರಿರಬೇಕು.

ನಾಳೆ ವರ್ಷದ ಕಣ್ಣಿನ ಪರೀಕ್ಷೆ. ಇನ್ನೊಂದು ತಲೆನೋವು.

ನವೆಂಬರ್ 8, ಶುಕ್ರವಾರ

ಪಾಸು! ಅಕ್ಷರದ ಬೋರ್ಡು ಮೇಲಿಂದ ಕೆಳಗೆ ಗಡಗಡ ಒಪ್ಪಿಸಿದೆ. ಇಪ್ಪತ್ತೆರಡು ವರ್ಷದಿಂದ ಅದೇ ಬೋರ್ಡು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ. ರೆಮ್ಜಿ ಕಡ್ಡಿಯಿಂದ ತೋರಿಸೋಕೆ ಮೊದಲೇ ಎರಡು ಸಾಲು ಮುಂದೆ ಹೋಗಿಬಿಟ್ಟಿದ್ದೆ.

"ಆಯ್ತಪ್ಪ ವಾಸ್ಫಿ, ನಿನ್ನನ್ನ ಪರೀಕ್ಷೆ ಮಾಡೋಕೆ ನಾನ್ಯಾರು? ನೀನು ಪಾಸು ಮಾಡಿದ ದೋಣಿಲಿ ನನ್ನ ತಮ್ಮ ಇದ್ದಾನೆ" ಅಂದ. ಮಂಡಿನೋವು ಹೇಗಿದೆ ಅಂತ ಕೇಳಿ ಸಹಿ ಹಾಕಿದ. ದೊಡ್ಡ ಮನುಷ್ಯ. ಇಡೀ ಕಟ್ಟೆಯಲ್ಲಿ ಹಿರಿಯರಿಗೆ ಮರ್ಯಾದೆ ಕೊಡೋನು ಇವನೊಬ್ಬನೇ ಉಳಿದಿರೋದು.

ನವೆಂಬರ್ 14, ಗುರುವಾರ

ನೆಬಾಹತ್ ವಿಷಯ. ನಾಲ್ಕು ಗಂಟೆಗೆ ಎಲ್ಲರೂ ಇಫ್ತಾರಿಗೆ ಮನೆಗೆ ಓಡ್ತಾರೆ. ಇವಳು ಹೊರಡೋದೇ ಇಲ್ಲ. "ನೀವು ನಡೀರಿ ಉಸ್ತಾ, ಸ್ವಲ್ಪ ಕೆಲಸ ಇದೆ" ಅಂತಾಳೆ. ಇವತ್ತು ಕೊಡೆ ಮರೆತು ವಾಪಸ್ ಹೋದೆ. ನಾನು ನೋಡಿ ಮುಗಿಸಿದ್ದ ಫಿಲ್ಮುಗಳ ಕಟ್ಟು ಅವಳ ಬೆಳಕಿನ ಪೆಟ್ಟಿಗೆ ಮೇಲಿತ್ತು. "ನಂಬರ್ ಜೋಡಿಸ್ತಿದ್ದೆ" ಅಂದಳು. ನಂಬರ್ ಜೋಡಿಸೋಕೆ ದೀಪ ಯಾಕಮ್ಮಾ?

ನನ್ನ ಕುರ್ಚಿ ಮೇಲೆ ಕಣ್ಣು ಬಿದ್ದಿದೆ, ಇನ್ನೇನು! ಜನವರಿ ತನಕ ತಡೆಯೋಕಾಗಲ್ವಾ?

ನವೆಂಬರ್ 19, ಮಂಗಳವಾರ

ಎರಡನೇ ಶೆಡ್ಡಿನಲ್ಲಿ ಏಣಿಗೆ ಹಣೆ ಬಡಿದುಕೊಂಡೆ. ದಾರಿ ಮಧ್ಯೆ ಏಣಿ ಇಡ್ತಾರಾ ಯಾರಾದ್ರೂ? ಬೆಸುಗೆಯ ಬೆಕಿರ್ ಓಡಿ ಬಂದು ಹಣೆ ಒರೆಸಿದ. ಕೈಹಿಡಿದು ಬಾಗಿಲ ತನಕ ಬಿಟ್ಟ. ನನ್ನನ್ನೇನು ಮದುಮಗಳು ಅಂದುಕೊಂಡಿದ್ದಾನಾ? ಮೂವತ್ತೆಂಟರ ಗಂಡಸು, ನಾನೇ ಕೈಹಿಡಿದು ಬೆಸುಗೆ ಕಲಿಸಿದವನು. ಕೈ ಕೊಡವಿ ಬಂದೆ.

ಸಂಜೆ ಬಸ್ಸಿನಲ್ಲಿ ಬಲಗಡೆ ಕೂತಿದ್ದವನೊಬ್ಬ ನಮಸ್ಕಾರವನ್ನೂ ಹೇಳಲಿಲ್ಲ. ಇಳಿಯುವಾಗ ನೋಡಿದರೆ ನನ್ನ ಬೀಗ! ಹೇಳಿದ್ದೆ, ನೀವೇ ನೋಡಲಿಲ್ಲ ಅಂತ ಸುಳ್ಳು ಬೇರೆ.

ನವೆಂಬರ್ 26, ಮಂಗಳವಾರ

ಸಿಕ್ಕಿತು. ಅವಳ ಡ್ರಾಯರಿನಲ್ಲಿ ಕಂದು ರಟ್ಟಿನ ಪುಸ್ತಕ. ಕಿಟಕಿ ಹತ್ತಿರ ಹಿಡಿದು ಓದಿದೆ. ದೊಡ್ಡ ಅಕ್ಷರ ಬರೀತಾಳೆ, ಅಷ್ಟು ಪುಣ್ಯ. ತಾರೀಖು, ಫಿಲ್ಮಿನ ನಂಬರು, ನಾಲ್ಕು ಏನಂತು, ಹನ್ನೊಂದು ಏನು ಕಂಡಿತು. ಸೆಪ್ಟೆಂಬರ್‌ನಿಂದ ನಾನು ನೋಡಿದ ಒಂದೊಂದು ಫಿಲ್ಮನ್ನೂ ಹಿಂದಿನಿಂದ ಮತ್ತೆ ನೋಡಿದ್ದಾಳೆ. ಒಂಬತ್ತು ಕಡೆ ಕೆಂಪು ಗೆರೆ.

ನನ್ನನ್ನ! ನನ್ನ ಮೊಹರನ್ನ!

ನವೆಂಬರ್ 27, ಬುಧವಾರ

ಬೆಳಿಗ್ಗೆ ಬಾಗಿಲು ಹಾಕಿ ಪುಸ್ತಕ ಮೇಜಿಗೆ ಎಸೆದೆ.

"ನನ್ನ ಕೆಲಸ ತಿದ್ದು ಅಂತ ನಿನಗ್ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಉಸ್ತಾ."

"ಕೆಂಪು ಗೆರೆ ಏನು?"

"ನೀವು ಸರಿಯಿದೆ ಅಂದದ್ದು, ನನಗೆ ಒಳಗೆ ಬೆಸುಗೆ ಕೂಡಿಲ್ಲ ಅಂತ ಕಂಡದ್ದು. ಫಿಲ್ಮ್ ಮಸುಕಾಗಿದೆ ಅಂತ ನೆಪ ಹೇಳಿ ಒಂಬತ್ತೂ ಮತ್ತೆ ತೆಗೆಸಿದೆ. ಬೆಕಿರ್ ಸರಿ ಮಾಡಿಕೊಟ್ಟ."

"ಬೆಕಿರ್‌ಗೂ ಗೊತ್ತಾ?"

ಅವಳು ತಲೆ ತಗ್ಗಿಸಿದಳು. "ಎಲ್ರಿಗೂ ಗೊತ್ತು ಉಸ್ತಾ. ನೀವು ಬರೋ ದಾರಿಯಿಂದ ಕೇಬಲ್ ಸರಿಸ್ತಾರೆ. ಟೀ ಹುಸೇನ್‌ಗೆ ಲೋಟ ಎಡಗಡೆ ಇಡು ಅಂತ ನಾನೇ ಹೇಳಿದ್ದೆ, ನಿಮ್ಮ ಬಲಗಣ್ಣೇ ಜಾಸ್ತಿ ಹೋಗಿರೋದು ಅಂತ. ಆ ನಾಲ್ಕನೇ ಬಲ್ಬು ಇದೆಯಲ್ಲ, ಅದು ಹೊಸದೇ ಅಲ್ಲ. ಎಲೆಕ್ಟ್ರಿಷಿಯನ್ ಬಿಚ್ಚಿ, ಒರೆಸಿ, ಅದನ್ನೇ ವಾಪಸ್ ಹಾಕಿದ."

"ಎಲ್ರಿಗೂ ಗೊತ್ತಿತ್ತು. ನನಗೊಬ್ಬನಿಗೆ ಹೇಳಲಿಲ್ಲ."

"ಹೇಗೆ ಹೇಳೋದು? ಇಲ್ಲಿರೋ ಅರ್ಧ ಜನಕ್ಕೆ ಕೆಲಸ ಕಲಿಸಿದೋರು ನೀವು. ನಿಮ್ಮ ಮುಖ ನೋಡಿಕೊಂಡು ಕಣ್ಣು ಕಾಣಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?"

ಸುಳ್ಳು ಅಂತ ಕೂಗಿದೆ. ಅವಳು ಒಂದು ಫಿಲ್ಮ್ ಬೆಳಕಿಗಿಟ್ಟಳು. ಸರಿಯಾಗಿದೆ ಅಂದೆ. ನನ್ನ ಬೆರಳು ಹಿಡಿದು ಫಿಲ್ಮಿನ ನಡುವೆ ಇಟ್ಟು, ಉದ್ದಕ್ಕೆ ಎಳೆದಳು. "ಇಲ್ಲಿಂದ ಇಲ್ಲಿ ತನಕ ಕಪ್ಪು ಗೆರೆ ಇದೆ ಉಸ್ತಾ." ಬೆರಳು ಕಂಡಿತು. ಗೆರೆ ಕಾಣಲಿಲ್ಲ.

ನವೆಂಬರ್ 28

ರಜೆ ಹಾಕಿದೆ. ಬರೆಯೋಕೇನೂ ಇಲ್ಲ.

ಡಿಸೆಂಬರ್ 2, ಸೋಮವಾರ

ಹಜೆರ್ ಪಟ್ಟಣದ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವಳಿಗೂ ಗೊತ್ತಿತ್ತಂತೆ, ಬಹಳ ದಿನದಿಂದ. "ಹೇಳಿದ್ರೆ ನೀವು ಕೇಳ್ತಿದ್ರಾ? ಕಿಟಕಿ ಗಾಜು ಬದಲಾಯಿಸೋಕೆ ಹೊರಟಿದ್ರಲ್ಲಾ!" ಅಂತ ನನಗೇ ಜೋರು ಮಾಡಿದಳು.

ಎರಡೂ ಕಣ್ಣಿಗೆ ಪೊರೆ. ಬಲಗಡೆಯದು ಪೂರ್ತಿ ಬಲಿತಿದೆ. ಆಪರೇಷನ್ ಮಾಡಿದರೆ ಸರಿಹೋಗುತ್ತೆ, ಅದೇನು ದೊಡ್ಡ ವಿಷಯ ಅಲ್ಲ ಅಂದ ಹುಡುಗ ಡಾಕ್ಟರು. "ಯಾವಾಗಿಂದ ಮಸುಕಾಗ್ತಿದೆ?" ಅಂತ ಕೇಳಿದ.

ಬಾಯಿಗೆ ಸೆಪ್ಟೆಂಬರ್ ಅಂತ ಬಂತು. ಆಗಲೇ ಬಲ್ಬು ನೆನಪಾಯಿತು. ಮೊದಲನೇ ಬಲ್ಬು ಬದಲಾಯಿಸಿದ್ದು ಮೇ ತಿಂಗಳಲ್ಲಿ.

ನೆಬಾಹತ್ ನೋಡಲು ಶುರು ಮಾಡಿದ್ದು ಸೆಪ್ಟೆಂಬರ್‌ನಲ್ಲಿ. ಮೇಯಿಂದ ಆಗಸ್ಟ್ ತನಕ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಆ ನಾಲ್ಕು ತಿಂಗಳ ಫಿಲ್ಮುಗಳನ್ನ ನನ್ನ ಈ ಕಣ್ಣು ಬಿಟ್ಟರೆ ಬೇರೆ ಯಾರ ಕಣ್ಣೂ ನೋಡಿಲ್ಲ.

ಡಿಸೆಂಬರ್ 5, ಗುರುವಾರ, ಹಬ್ಬ

ಕಿರಿಯರೆಲ್ಲ ಬಂದು ಕೈಗೆ ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಸಿಹಿ ತಿಂದು ಹೋದರು. ನೆಬಾಹತ್ ಕೂಡ ಬಂದಳು, ಒಂದು ಡಬ್ಬಿ ಬಕ್ಲಾವಾ ಸಿಹಿ ಹಿಡಿದುಕೊಂಡು. ಎಷ್ಟು ಧೈರ್ಯ! ಕೈ ಕೊಡಲಿಲ್ಲ ನಾನು. ಬಗ್ಗಿದವಳು ಹಾಗೇ ಎದ್ದು ನಿಂತಳು. ಹಜೆರ್ ನನ್ನನ್ನ ಸುಟ್ಟುಬಿಡೋ ಹಾಗೆ ನೋಡಿದಳು.

ಹೊರಡುವಾಗ ಬಾಗಿಲಲ್ಲಿ ನಿಂತು ನೆಬಾಹತ್ ಮೆಲ್ಲಗೆ ಅಂದಳು: "ಉಸ್ತಾ, ನಾನು ಒಂದೂ ಬಿಟ್ಟಿಲ್ಲ. ಎಲ್ಲಾ ಸರಿಯಾಗಿದೆ. ಹದಿನಾರಕ್ಕೆ ಸಹಿ ಹಾಕಿ, ಮರ್ಯಾದೆಯಿಂದ ನಿವೃತ್ತಿಯಾಗಿ. ನನ್ನ ಪುಸ್ತಕ ಒಲೆಗೆ ಹಾಕ್ತೀನಿ."

ಎಲ್ಲಾ ಸರಿಯಾಗಿದೆಯಂತೆ. ಮೇ ತಿಂಗಳ ವಿಷಯ ಅವಳಿಗೇನು ಗೊತ್ತು? ಗೊತ್ತಿರೋದು ನನಗೊಬ್ಬನಿಗೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳೋದಿಲ್ಲ. ಬಹುಶಃ ಆ ನಾಲ್ಕು ತಿಂಗಳಲ್ಲಿ ಏನೂ ತಪ್ಪಿಲ್ಲದೆಯೂ ಇರಬಹುದು. ಆಗ ಕಣ್ಣು ಇಷ್ಟು ಹೋಗಿರಲಿಲ್ಲ. ಬಕ್ಲಾವಾ ಚೆನ್ನಾಗಿತ್ತು, ಆರು ತಿಂದೆ, ಹೊಟ್ಟೆ ಕೆಟ್ಟಿದೆ. ಅದಕ್ಕೂ ಅವಳೇ ಕಾರಣ.

ಡಿಸೆಂಬರ್ 9, ಸೋಮವಾರ

ಮುಖ್ಯ ಇಂಜಿನಿಯರ್ ಒರ್ಹುನ್ ಬೇಯವರ ಕೋಣೆಗೆ ಹೋದೆ.

"ಬನ್ನಿ ಉಸ್ತಾ, ಟೀ ತರಿಸ್ತೀನಿ."

"ಟೀ ಬೇಡ. ಮೇಯಿಂದ ಆಗಸ್ಟ್ ತನಕದ ಫಿಲ್ಮೆಲ್ಲ ಮತ್ತೆ ನೋಡಿಸಿ."

"ಯಾಕೆ?"

"ನನಗೆ ಕಣ್ಣು ಕಾಣ್ತಿರಲಿಲ್ಲ."

ನಕ್ಕರು. ನಾನು ನಗಲಿಲ್ಲ ಅಂತ ನೋಡಿ ಕಡತ ತೆಗೆದರು. "ಹೋದ ತಿಂಗಳು ಎಂಟಕ್ಕೆ ಪರೀಕ್ಷೆ ಪಾಸಾಗಿದ್ದೀರಲ್ಲ?"

"ಬೋರ್ಡು ನನಗೆ ಬಾಯಿಪಾಠ. ರೆಮ್ಜಿ ಮುಲಾಜಿಗೆ ಸಹಿ ಹಾಕಿದ."

ಎದ್ದು ಹೋಗಿ ಬಾಗಿಲು ಹಾಕಿದರು. "ಉಸ್ತಾ, ಹದಿನಾರಕ್ಕೆ ಲೈನಿಂಗ್. ನೌಕಾಪಡೆಗೆ ತಾರೀಖು ಕೊಟ್ಟು ಕೂತಿದ್ದೀನಿ. ಇದು ಕಾಗದಕ್ಕೆ ಬಂದರೆ ನಿಮ್ಮ ಹೆಸರು, ಡಾಕ್ಟರ ಕೆಲಸ, ಎಲ್ಲಾ ಹೋಗುತ್ತೆ. ಒಂದು ದಿನ ಯೋಚನೆ ಮಾಡಿ."

"ನಾಲ್ಕು ದಿನದಿಂದ ಅದನ್ನೇ ಮಾಡಿದ್ದು. ಕೆಳಗೆ ಹೋಗೋದು ಮೂವತ್ತೈದು ಜನ ಹುಡುಗರು ಒರ್ಹುನ್ ಬೇ. ಬಿರುಕಿಗೆ ನಮ್ಮ ಮುಲಾಜಿಲ್ಲ." ಮೊಹರನ್ನ ಜೇಬಿಂದ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನ ಮುಟ್ಟಲಿಲ್ಲ. ಟೆಲಿಫೋನ್ ಎತ್ತಿಕೊಂಡರು.

ನೆಬಾಹತ್‌ಳ ಕಂದು ಪುಸ್ತಕದ ವಿಷಯ ಹೇಳೋದು ಮರೆತೇಬಿಟ್ಟೆ. ಹೇಳಿದ್ದರೆ, ಗೊತ್ತಿದ್ದೂ ಮುಚ್ಚಿಟ್ಟಳು ಅಂತ ಅವಳ ಮೊಹರೂ ಹೋಗ್ತಿತ್ತು. ವಯಸ್ಸಾಯಿತು, ಏನೂ ನೆನಪಿರೋದಿಲ್ಲ.

ಡಿಸೆಂಬರ್ 13, ಶುಕ್ರವಾರ

ಇನ್ನೂರ ಎಂಬತ್ತಾರು ಫಿಲ್ಮು. ನೆಬಾಹತ್ ಮತ್ತು ಹೊರಗಿನಿಂದ ಕರೆಸಿದವನೊಬ್ಬ, ನಾಲ್ಕು ದಿನ ಕೂತು ನೋಡಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಹೆರಿಗೆ ಆಸ್ಪತ್ರೆ ಮುಂದೆ ಕೂತ ಹಾಗೆ.

ಮಧ್ಯಾಹ್ನ ನೆಬಾಹತ್ ಹೊರಗೆ ಬಂದು ಪಕ್ಕದಲ್ಲಿ ಕೂತಳು, ಎಡಗಡೆ. "ಒಂದೇ ಒಂದು ಉಸ್ತಾ. ನಲವತ್ತೊಂದನೇ ಬೆಸುಗೆ, ಜುಲೈ ಇಪ್ಪತ್ತೆರಡರದು."

"ಎಷ್ಟುದ್ದ?"

"ನಿಮ್ಮ ಬೆರಳಿನಷ್ಟು."

ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಜುಲೈ ಇಪ್ಪತ್ತೆರಡಕ್ಕೆ ನಾನು ಏನು ತಿಂದಿದ್ದೆ, ಯಾರನ್ನ ಬೈದಿದ್ದೆ, ಏನೊಂದೂ ನೆನಪಿಲ್ಲ. ಮೊಹರು ಒತ್ತಿ ಮನೆಗೆ ಬಂದು ಕಲ್ಲಂಗಡಿ ತಿಂದಿರ್ತೀನಿ.

ಅದು ಬೆಕಿರ್ ಮಾಡಿದ ಬೆಸುಗೆ. ಎಲ್ಲರ ಎದುರಿಗೇ ನನ್ನ ಮೇಲೆ ಕೂಗಾಡಿದ: "ಅವತ್ತೇ ಹೇಳಿದ್ರೆ ಒಂದು ಗಂಟೆ ಕೆಲಸ ಉಸ್ತಾ! ಒಂದೇ ಗಂಟೆ! ಈಗ ಅರ್ಧ ಇಂಜಿನ್ ಕೋಣೆ ಬಿಚ್ಚಬೇಕು!" ತಿಂಗಳುಗಟ್ಟಲೆ ಕೈಹಿಡಿದು ನಡೆಸಿದವನು ಇವತ್ತು ಕೂಗಿದ. ಯಾಕೋ ಏನೋ, ಇಡೀ ವರ್ಷದಲ್ಲಿ ನನಗೆ ಬೇಜಾರಾಗದ ಮಾತು ಅದೊಂದೇ.

ಲೈನಿಂಗ್ ಮೂರು ವಾರ ಮುಂದಕ್ಕೆ ಹೋಯಿತು. ರೆಮ್ಜಿಯನ್ನ ವರ್ಗ ಮಾಡಿದ್ದಾರೆ. ಕಾರಿಡಾರಿನಲ್ಲಿ ಎದುರಾದ, ಮುಖ ತಿರುಗಿಸಿಕೊಂಡು ಹೋದ. ಅವನು ಬರೆದಿಡು ಅಂದ ಪುಸ್ತಕದಲ್ಲೇ ಇದನ್ನ ಬರೀತಿದ್ದೀನಿ.

ಡಿಸೆಂಬರ್ 20, ಶುಕ್ರವಾರ

ಬಲಗಣ್ಣಿನ ಪಟ್ಟಿ ಬಿಚ್ಚಿದರು. ಹಜೆರ್‌ಳ ಕೆನೆಬಣ್ಣದ ಪರದೆ ಅಪ್ಪಟ ಬಿಳಿಯಂತೆ! ಚಾವಣಿಯಲ್ಲಿ ಜೇಡರ ಬಲೆ ಇದೆ ಅಂದಿದ್ದಕ್ಕೆ, ಆಪರೇಷನ್ ಯಾಕಾದರೂ ಮಾಡಿಸಿದೆನೋ ಅಂದಳು.

ಈ ಪುಸ್ತಕದ ಹಿಂದಿನ ಪುಟಗಳನ್ನ ತೆಗೆದು ನೋಡಿದೆ. ಒಂದೊಂದು ಅಕ್ಷರ ಮೊಟ್ಟೆಯಷ್ಟಿದೆ. ಸಾಲಿನ ಮೇಲೆ ಸಾಲು ಹತ್ತಿದೆ. ಬಲಗಡೆಯಂತೂ ಪುಟ ಮುಗಿದ ಮೇಲೂ ಬರೆದಿದ್ದೀನಿ, ಪದದ ಬಾಲವೆಲ್ಲ ಮೇಜಿನ ಮೇಲೆ ಇರಬೇಕು. ಬರೆಯುವಾಗ ಎಲ್ಲಾ ನೆಟ್ಟಗೇ ಕಂಡಿತ್ತು.

ಜನವರಿ 31, 2003, ಶುಕ್ರವಾರ

ಕೊನೆಯ ದಿನ. ಪದ್ಧತಿಯ ಹಾಗೆ ಸಾಲಾಗಿ ನಿಂತು ಒಬ್ಬೊಬ್ಬರನ್ನೂ ಅಪ್ಪಿಕೊಂಡು, "ನನ್ನ ಮೇಲೆ ನಿನ್ನ ಹಕ್ಕೇನಾದರೂ ಇದ್ದರೆ ಹಲಾಲ್ ಮಾಡು" ಅಂತ ನಾನು, "ಹಲಾಲಾಗಲಿ, ನೀವೂ ಮಾಡಿ" ಅಂತ ಅವರು. ಹಲಾಲ್ ಅಂದರೆ ಬಾಕಿ ಮನ್ನಾ ಮಾಡಿ ಕ್ಷಮಿಸೋದು, ಇದನ್ನ ಹೇಳಿಕೊಳ್ಳದೆ ನಮ್ಮಲ್ಲಿ ಯಾರೂ ಕೆಲಸ ಬಿಡೋದಿಲ್ಲ, ದೂರ ಹೋಗೋದಿಲ್ಲ. ಬೆಕಿರ್ ಬಿಗಿಯಾಗಿ ಅಪ್ಪಿಕೊಂಡ. ಎಲೆಕ್ಟ್ರಿಷಿಯನ್ ಒಂದು ಬಲ್ಬನ್ನ ಕಾಗದದಲ್ಲಿ ಸುತ್ತಿ ಉಡುಗೊರೆ ಕೊಟ್ಟ, ಕತ್ತೆ.

ನೆಬಾಹತ್‌ಳ ಸರದಿ ಬಂದಾಗ ನಾನು ಕೋಟು ಹುಡುಕೋಕೆ ಒಳಗೆ ಹೋದೆ. ಕೋಟು ಮೈಮೇಲೇ ಇತ್ತು. ಮೂರು ತಿಂಗಳು ಪಕ್ಕದಲ್ಲೇ ಕೂತು, ಎಲ್ಲಾ ಗೊತ್ತಿದ್ದೂ, ಮುಖಕ್ಕೆ ಒಂದು ಮಾತು ಹೇಳಲಿಲ್ಲ. ಅದನ್ನ ಹೇಗೆ ಹಲಾಲ್ ಮಾಡಲಿ?

ಅಕ್ಟೋಬರ್ 12, 2004, ಮಂಗಳವಾರ

ಹತ್ತಿರ ಹತ್ತಿರ ಎರಡು ವರ್ಷ ಈ ಪುಸ್ತಕ ಮುಟ್ಟಿರಲಿಲ್ಲ. ಮನೆಯಲ್ಲಿ ಕೂತರೆ ಕೋಪ ಬರೋಕೆ ಹಜೆರ್ ಒಬ್ಬಳೇ, ಅವಳ ವಿಷಯ ಬರೆದಿಡೋಷ್ಟು ಧೈರ್ಯ ನನಗಿಲ್ಲ.

ಇವತ್ತು ಸಂಜೆ ನೆಬಾಹತ್ ಬಂದಳು. ನಾಳೆ ನಮ್ಮ ಆರನೇ ದೋಣಿಯ ಮೊದಲ ಆಳದ ಮುಳುಗು. ಫಿಲ್ಮಿನ ಕಡತದಲ್ಲಿ ಈಗ ಹನ್ನೊಂದನೇ ನಂಬರಿನ ಮೊಹರಿರೋದು. ಹಾಗಾಗಿ ಒಳಗೆ ಹೋಗೋಳು ಅವಳು.

"ನೂಲು ಎಲ್ಲಿ ಕಟ್ಟಬೇಕು ಅಂತ ಕೇಳೋಕೆ ಬಂದೆ ಉಸ್ತಾ."

ಐದು ಮುಳುಗಲ್ಲೂ ನಾನು ಒಂದು ನೂಲು ಒಯ್ದಿದ್ದೆ. ನೀರಿನ ಮೇಲಿರುವಾಗ ಈ ಗೋಡೆಯಿಂದ ಆ ಗೋಡೆಗೆ ಬಿಗಿಯಾಗಿ ಕಟ್ಟೋದು. ಕೆಳಗೆ ಹೋದ ಹಾಗೆ ಸಮುದ್ರ ಉಕ್ಕನ್ನ ಹಿಂಡುತ್ತೆ, ಗೋಡೆ ಹತ್ತಿರ ಬರುತ್ತೆ, ನೂಲು ಜೋತು ಬೀಳುತ್ತೆ. ಮೊದಲ ಸಲ ನೋಡಿದವರ ಮುಖದ ಬಣ್ಣ ಹೋಗುತ್ತೆ. ಕಪಾಟಿಂದ ತೆಗೆದುಕೊಟ್ಟೆ, ಅದೇ ನೂಲು. "ನಲವತ್ತೊಂದರ ಪಕ್ಕ ಕಟ್ಟು. ಬಿಗಿಯಾಗಿ ಕಟ್ಟು, ಬಟ್ಟೆ ಒಣಹಾಕೋಕಲ್ಲ."

ನೂಲು ಜೇಬಿಗೆ ಹಾಕಿಕೊಂಡು ಎದ್ದಳು. "ನೀರೊಳಗೆ ಹೋಗ್ತಿದ್ದೀನಿ ಉಸ್ತಾ. ನನ್ನ ಮೇಲೆ ನಿಮ್ಮ ಹಕ್ಕೇನಾದರೂ ಇದ್ದರೆ ಹಲಾಲ್ ಮಾಡಿ."

"ಮೇಲೆ ಬಾ, ಆಮೇಲೆ ನೋಡೋಣ" ಅಂದೆ.

ಅವಳು ಹೋದ ಮೇಲೆ ಹಜೆರ್ ತಟ್ಟೆಗಳನ್ನ ಕುಕ್ಕಿದಳು. "ನಿಮ್ಮ ಕಣ್ಣಿನ ಪೊರೆ ತೆಗೆದರು, ತಲೆಯದು ಹಾಗೇ ಇದೆ."

ಅಕ್ಟೋಬರ್ 13, ಬುಧವಾರ

ಏಳು ಗಂಟೆಗೇ ದಕ್ಕೆ ಮೇಲೆ ನಿಂತಿದ್ದೆ. ನಾನು ತಲುಪೋ ಹೊತ್ತಿಗೆ ದೋಣಿ ಹೊರಟಾಗಿತ್ತು. ಕೂಗಿ ಹೇಳೋಣ ಅಂದರೆ ಯಾರಿಗೆ ಕೇಳುತ್ತೆ?

ನಾಲ್ಕಕ್ಕೆ ವಾಪಸ್ ಬರಬೇಕಿತ್ತು. ನಾಲ್ಕೂವರೆ ಆಯಿತು. ಐದಾಯಿತು. ಬೆಕಿರ್ ಎದುರಿಗೆ ಬಂದು ಸಿಗರೇಟು ಕೊಟ್ಟ, ನಾನು ಬಿಟ್ಟು ಒಂಬತ್ತು ವರ್ಷ, ತೆಗೆದುಕೊಂಡೆ. ಹಾಳಾದ್ದು ಒಂದು ಮಾತು! ಬಾಯಲ್ಲಿ ಏನು ಕಡುಬು ಇತ್ತಾ ನನಗೆ? ಅವಳು ನೋಡದೆ ಇದ್ದಿದ್ದರೆ ಆ ಒಂಬತ್ತು ಕೆಂಪು ಗೆರೆ ಇವತ್ತು ಅಲ್ಲೇ ನೀರೊಳಗೆ ಇರ್ತಿತ್ತು. ಮನೆಗೆ ಬಂದವಳನ್ನ ಬರಿಗೈಲಿ ಕಳಿಸಿದೆ. ಮುಖಕ್ಕೆ ಹೇಳಲಿಲ್ಲ ಅಂತ ಎರಡು ವರ್ಷ ಅವಳನ್ನ ಬೈದೆ, ನನ್ನ ಬಾಯಿಂದ ಬಂದದ್ದು ಏನು?

ಐದೂ ಇಪ್ಪತ್ತಕ್ಕೆ ದೋಣಿ ಕಂಡಿತು. ಎರಡು ಕಣ್ಣಿಂದಲೂ ಒಂದೇ ಕಂಡಿತು, ಸ್ಪಷ್ಟವಾಗಿ.

ನೆಬಾಹತ್ ಹಲಗೆ ಮೇಲಿಂದ ಇಳಿದು ಬಂದಳು. ಮುಖ ಬಿಳಿಚಿಕೊಂಡಿತ್ತು.

"ನಲವತ್ತೊಂದು?"

"ಒಂದು ಹನಿ ಇಲ್ಲ. ಪೂರ್ತಿ ಹೊತ್ತು ಅದರ ಮೇಲಿನ ಲೈನಿಂಗಿಗೇ ಕೈಯಿಟ್ಟು ಕೂತಿದ್ದೆ."

"ನೂಲು ಎಷ್ಟು ಜೋತಿತು?"

"ಒಂದು ಗೇಣು."

"ಸಡಿಲ ಕಟ್ಟಿರ್ತೀಯ. ನಾಲ್ಕು ಬೆರಳಿಗಿಂತ ಜಾಸ್ತಿ ಯಾವತ್ತೂ ಆಗಿಲ್ಲ."

ಹೇಳಬೇಕೆಂದು ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಮಾತು ಅದಲ್ಲ. ಮತ್ತೆ ಹೇಳಿದೆ: "ನನ್ನದು ಎಂದೋ ಹಲಾಲಾಯಿತು. ನನ್ನ ಮೇಲೆ ನಿನ್ನ ಹಕ್ಕಿದೆ. ಅದನ್ನ ನೀನು ಹಲಾಲ್ ಮಾಡು."

ಅವಳ ಕಣ್ಣಲ್ಲಿ ನೀರಿತ್ತು, ಅದೂ ಈಗ ನನಗೆ ಕಾಣುತ್ತೆ. "ಒಂದು ಬಿಳಿ ಕೋಟಿದೆ ಉಸ್ತಾ. ಟೀ ಕಲೆ ಹೋಗಲೇ ಇಲ್ಲ" ಅಂದಳು. ಆಮೇಲೆ ಅಂದಳು, "ಹಲಾಲಾಗಲಿ."

ಕ್ಯಾಂಟೀನಿನಲ್ಲಿ ಕೂತೆವು. ಟೀ ಹುಸೇನ್ ಹೊಸ ಕಣ್ಣಿನ ಗೌರವಕ್ಕೆ ಅಂತ ನನ್ನ ಲೋಟ ಬಲಗಡೆ ಇಟ್ಟುಹೋದ. ನನ್ನ ಕೈ ತಾನಾಗಿ ಎಡಕ್ಕೆ ಹೋಗಿ ಖಾಲಿ ಮೇಜು ತಡಕಿತು. ನೆಬಾಹತ್ ನೋಡಿದಳು. ಏನೂ ಅನ್ನದೆ ಲೋಟವನ್ನ ಮೆಲ್ಲಗೆ ಎಡಕ್ಕೆ ಸರಿಸಿದಳು. ಬಾಯಿಬಿಟ್ಟು ಹೇಳೋ ಅಭ್ಯಾಸ ಇವಳಿಗೆ ಇನ್ನೂ ಬಂದಿಲ್ಲ.